ಔಟಾದವರ ಬೆಂಚಿನ ಬಳಿ

ಆಟೋಟಗಳಿಗೂ ನನಗೂ ಇರುವ ಸಂಬಂಧ ಒಂದು ಮರದ ಬೆಂಚಿನ ಸಂಬಂಧ. ನಾನು ಓಡಿದವಳಲ್ಲ, ಹಾರಿದವಳಲ್ಲ. ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಹೆಡ್ಮಾಸ್ಟರು ಕರೆದು, "ನಮ್ಮ ಹುಡುಗಿಯರ ಕಬಡ್ಡಿ ತಂಡ ತಾಲೂಕು ಕೂಟಕ್ಕೆ ಹೋಗ್ತಾ ಉಂಟು ಟೀಚರ್. ಜೊತೆಗೆ ಒಬ್ಬರು ಲೇಡಿ ಟೀಚರ್ ಬೇಕೇಬೇಕು. ನೀವು ಹೋಗಿ ಬನ್ನಿ" ಎಂದರು. ಉಳಿದ ಟೀಚರುಗಳಿಗೆಲ್ಲ ಮನೆಯಲ್ಲಿ ಸಣ್ಣ ಮಕ್ಕಳು. ನನಗಿನ್ನೂ ಮದುವೆಯಾಗಿರಲಿಲ್ಲ. ನನ್ನನ್ನು ಆರಿಸಿದ್ದಕ್ಕೆ ಬೇರೆ ಯಾವ ಕಾರಣವೂ ಇರಲಿಲ್ಲ.

ಅಲ್ಲಿ ಹೋದರೆ ಬರೆದುಕೊಳ್ಳುವವರು ಒಬ್ಬರು ಕಡಿಮೆ. "ಟೀಚರ್, ಸುಮ್ಮನೆ ಕೂತಿದ್ದೀರಲ್ಲ, ಇಲ್ಲಿ ಬನ್ನಿ" ಎಂದು ಕೈಗೊಂದು ಪೆನ್ಸಿಲು ಕೊಟ್ಟರು. ಹಾಗೆ ನಾನು ಸಹಾಯಕ ಸ್ಕೋರರ್ ಆದೆ.

ಕಬಡ್ಡಿಯಲ್ಲಿ ಒಬ್ಬ ರೆಫರಿ, ಇಬ್ಬರು ಅಂಪೈರುಗಳು, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರುಗಳು. ಜನ ನೋಡುವುದು ಸೀಟಿ ಊದುವವರನ್ನು. ಸಹಾಯಕ ಸ್ಕೋರರ್ ನೋಡುವುದು ಔಟಾಗಿ ಹೊರಗೆ ಕೂತವರನ್ನು. ಒಂದೊಂದು ತಂಡದಲ್ಲಿ 7 ಮಂದಿ. ಔಟಾದವರು ಹೋಗಿ ತಮ್ಮ ಚೌಕದಲ್ಲಿ ಕೂರಬೇಕು. ತಮ್ಮವರು ಎದುರಾಳಿಯನ್ನು ಔಟು ಮಾಡಿದಾಗ ಒಬ್ಬೊಬ್ಬರಾಗಿ ಒಳಗೆ ಬರಬೇಕು. ಮೊದಲು ಹೋದವಳು ಮೊದಲು ಬರಬೇಕು. ಚುರುಕಿನವಳು ಎಂದು ಹಿಂದಿನವಳನ್ನು ಮುಂದೆ ಕಳಿಸುವ ಹಾಗಿಲ್ಲ. ರೇಶನ್ ಅಂಗಡಿಯ ಕ್ಯೂ ಇದ್ದ ಹಾಗೆ. ಆ ಕ್ಯೂ ತಪ್ಪದಂತೆ ಬರೆದಿಡುವುದೇ ನನ್ನ ಕೆಲಸ. ಮನೆಯಲ್ಲಿ ಹಾಲಿನವನ ಲೆಕ್ಕ, ಶಾಲೆಯಲ್ಲಿ ಹಾಜರಿ ಪುಸ್ತಕ ಬರೆಯುವವಳಿಗೆ ಅದೇನು ಕಷ್ಟ? ವರ್ಷ ವರ್ಷವೂ ಕರೆಯತೊಡಗಿದರು. ನಾನೂ ಹೋಗತೊಡಗಿದೆ.

2003ರ ಒಂದು ಸಂಜೆಯ ಸಂಗತಿಯನ್ನು ನಾನು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ. ಹುಡುಗಿಯರ ಫೈನಲ್. ನಮ್ಮ ಶಾಲೆಯ ತಂಡ ಆಗಲೇ ಸೋತಿದ್ದುದರಿಂದ ನನ್ನನ್ನು ನಿಶ್ಚಿಂತೆಯಿಂದ ಬೆಂಚಿನಲ್ಲಿ ಕೂರಿಸಿದ್ದರು. ಎರಡೂ ಕಡೆ ಅಂಕ ಸಮ ಸಮ, ಉಳಿದದ್ದು ಎರಡು ಮೂರು ನಿಮಿಷ. ನನ್ನ ಕಡೆಯ ಚೌಕದಲ್ಲಿ ಮೂವರು ಕೂತಿದ್ದರು. ನನ್ನ ಹಾಳೆಯಲ್ಲಿದ್ದ ಕ್ರಮ 4, 9, 7. ಅವರ ತಂಡಕ್ಕೆ ಒಂದು ಅಂಕ ಬಂತು. ಒಬ್ಬಳು ಒಳಗೆ ಬರಬೇಕು. ಎದ್ದು ಓಡಿದವಳು 7ನೇ ನಂಬ್ರದವಳು, ಆ ತಂಡದ ಗಟ್ಟಿ ರೈಡರ್. 4ನೇ ನಂಬ್ರದ ಹುಡುಗಿ ಎದ್ದವಳು ಹಾಗೇ ಕೂತಳು.

ನಾನು ಪಕ್ಕದಲ್ಲಿದ್ದ ಹಿರಿಯರಿಗೆ ಹಾಳೆ ತೋರಿಸಿದೆ. ಅವರು ನೋಡಿದರು. ನೋಡಲಿಲ್ಲ ಎಂದು ನಾನು ಹೇಳಲಾರೆ. "ಬಿಡಿ ಟೀಚರ್, ಈಗ ಆಟ ನಿಲ್ಲಿಸಿದ್ರೆ ಗಲಾಟೆ ಆಗ್ತದೆ. ಕತ್ತಲಾಗ್ತಾ ಬಂತು" ಎಂದರು. ನಾನು ಬಿಟ್ಟೆ. 7ನೇ ನಂಬ್ರದವಳು ಎರಡು ರೈಡಿನಲ್ಲಿ ಆಟ ಮುಗಿಸಿದಳು.

ಆಮೇಲೆ ನಳ್ಳಿಯ ಹತ್ತಿರ ಸೋತ ತಂಡದ ಕ್ಯಾಪ್ಟನ್ ಹುಡುಗಿ ಮೊಣಕಾಲಿನ ಮಣ್ಣು ತೊಳೆಯುತ್ತಿದ್ದಳು. ಒಣಕಲು ಹುಡುಗಿ. ನನ್ನನ್ನು ನೋಡಿ, "ಟೀಚರ್, 7ನೇ ನಂಬ್ರ ಮೊದ್ಲು ಬರ್ಲಿಕ್ಕೆ ಇರ್ಲಿಲ್ಲ ಅಲ್ವಾ? ನೀವು ಬರೀತಾ ಇದ್ರಲ್ಲ?" ಎಂದಳು. ಸಿಟ್ಟಿನಲ್ಲಿ ಕೇಳಿದ್ದರೆ ನಾನೂ ಏನಾದರೂ ಗದರುತ್ತಿದ್ದೆನೋ ಏನೋ. ಅವಳು ಲೆಕ್ಕದಲ್ಲಿ ಸಂಶಯ ಕೇಳುವ ಹಾಗೆ ಕೇಳಿದಳು. ನಾನು, "ಮುಗೀತಲ್ಲ ಮಗ, ನೀರು ಕುಡಿ" ಎಂದೆ.

ಆ ಹಾಳೆಯಲ್ಲಿ ನಾನು ಸರಿಯಾಗಿಯೇ ಬರೆದಿದ್ದೆ. ಬಾಯಿ ಬಿಡಲಿಲ್ಲ, ಅಷ್ಟೆ.

ಈಗ ಒಮ್ಮೆಲೇ 2024ರ ಎಪ್ರಿಲ್ ತಿಂಗಳಿಗೆ ಬರುತ್ತೇನೆ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಬಜ್ಪೆಯಿಂದ ವಿಮಾನ ಹತ್ತಿ, ನಡುವೆ ಎರಡು ಕಡೆ ಇಳಿದು ಹತ್ತಿ, ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋದೆ. ನಮ್ಮಲ್ಲಿ ಬೆವರು ಧಾರೆಯಾಗಿ ಇಳಿಯುವ ಕಾಲ, ಅಲ್ಲಿ ಎಲೆ ಉದುರಿ ಚಳಿ ಹತ್ತುವ ಕಾಲ. ಮಗಳಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹೋದ ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ ಬಂದು ತಲೆ ಒರೆಸಿಕೊಳ್ಳುವಾಗ ತೋಳು ಕಂಡಿತು. ರಟ್ಟೆಯಲ್ಲಿ ಅಂಗೈಯಗಲ ನೀಲಿಗಟ್ಟಿದ ಗುರುತು. ಸಂಜೆ ಚಡ್ಡಿ ಹಾಕಿ ಸೋಫಾದಲ್ಲಿ ಕೂತಾಗ ತೊಡೆಯ ಮೇಲೆ ಇನ್ನೊಂದು, ಅಂಚಿನಲ್ಲಿ ಹಳದಿ ತಿರುಗಿದ್ದು.

ನನ್ನ ಮನಸ್ಸಿಗೆ ಬಂದ ಮೊದಲ ಸಂಶಯವನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಆದರೆ ಹೆಣ್ಣುಮಕ್ಕಳನ್ನು ಹೆತ್ತವರಿಗೆ ನಾನು ಬರೆಯದೆಯೂ ಗೊತ್ತಾಗುತ್ತದೆ. ಅಳಿಯ ಪುತ್ತೂರು ಕಡೆಯವನು, ಮೆದು ಮಾತಿನವನು. ನನಗೆ ಕುಚ್ಚಲಕ್ಕಿ ಗಂಜಿಯೇ ಆಗಬೇಕೆಂದು ಗೊತ್ತಿದ್ದು ಎಲ್ಲೆಲ್ಲೋ ಹುಡುಕಿ ಅಕ್ಕಿ ತಂದಿಟ್ಟಿದ್ದ. ಅವನು "ಅತ್ತೆ, ಚಟ್ನಿ ಸಾಕಾ?" ಎಂದು ಕೇಳಿದರೆ ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಎರಡು ದಿವಸ ಹಾಗೆಯೇ ಕಳೆದೆ. ರಾತ್ರಿ ನಿದ್ದೆಯಿಲ್ಲ. ಕೇಳಿಬಿಟ್ಟರೆ ಅವಳು ಹೌದು ಎಂದುಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ.

ಮೂರನೆಯ ದಿವಸ ತಡೆಯಲಾಗದೆ ಕೇಳಿದೆ. ಮಗಳು ಮೊದಲು ಜೋರಾಗಿ ನಕ್ಕಳು. "ಅಯ್ಯೋ ಅಮ್ಮ, ಇದು ಡರ್ಬಿಯಲ್ಲಿ ಆದದ್ದು ಮಾರಾಯ್ತಿ! ಫೋನಿನಲ್ಲಿ ಹೇಳಿದ್ದೆನಲ್ಲ, ಸ್ಕೇಟಿಂಗ್ ಹೋಗ್ತೇನೆ ಅಂತ." ಸ್ಕೇಟಿಂಗ್ ಎಂದರೆ ನಾನು ನಮ್ಮೂರ ಮಕ್ಕಳು ಹೆಲ್ಮೆಟ್ ಹಾಕಿ ಸಾಲಾಗಿ ಸುತ್ತು ಬರುವುದನ್ನು ನೆನೆಸಿದ್ದೆ. ನಕ್ಕವಳು ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾದಳು. ಆಮೇಲೆ, "ಎರಡು ದಿವಸ ಯಾಕೆ ಕೇಳ್ಲಿಲ್ಲ ಅಮ್ಮ? ನಿಜವಾಗಿಯೂ ಅವನು ಹೊಡೆದದ್ದೇ ಆಗಿದ್ರೆ?" ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ವರ್ಷಗಳ ನಂತರ ಆ ನಳ್ಳಿಯ ಹತ್ತಿರದ ಹುಡುಗಿ ನೆನಪಾದಳು. ಎದ್ದು ಹೋಗಿ, ಪೆಟ್ಟಿಗೆಯಲ್ಲಿ ತಂದಿದ್ದ ಕೊಟ್ಟಂಚುಕ್ಕಾದಿ ತೈಲ ತೆಗೆದು ಮಗಳ ತೋಳಿಗೆ ಹಚ್ಚಿದೆ.

ಆ ವಾರ ಅವಳ ಜೊತೆಗೆ ಅವರ ಅಭ್ಯಾಸ ನೋಡಲಿಕ್ಕೆ ಹೋದೆ. ಊರ ಹೊರಗಿನ ಒಂದು ದೊಡ್ಡ ಗೋದಾಮು. ನುಣುಪಾದ ನೆಲದಲ್ಲಿ ಮೊಟ್ಟೆಯಾಕಾರದ ಪಟ್ಟೆ. ನಾಲ್ಕು ಚಕ್ರದ ಸ್ಕೇಟು, ಮೊಣಕಾಲಿಗೆ, ಮೊಣಕೈಗೆ, ಮಣಿಕಟ್ಟಿಗೆ ಕವಚ, ಹಲ್ಲಿಗೂ ಒಂದು ಕವಚ. ಕಾಲೇಜು ಹುಡುಗಿಯರಿದ್ದರು, ಮೂರು ಮಕ್ಕಳ ತಾಯಂದಿರಿದ್ದರು, ನನ್ನಷ್ಟೇ ದಪ್ಪದವರೂ ಇದ್ದರು. ಅಂಗಿಯ ಬೆನ್ನಿನಲ್ಲಿ ಅವರವರೇ ಇಟ್ಟುಕೊಂಡ ತಮಾಷೆಯ ಹೆಸರು. ನನ್ನ ಮಗಳ ಬೆನ್ನಿನ ಮೇಲೆ ‘ಬ್ಯಾಡಗಿ’ ಎಂದಿತ್ತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂದೆ. ಅವಳಿಗೆ ಅದು ಹಿಡಿಸಲಿಲ್ಲ.

ಈ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1935ರಲ್ಲಿ ಶಿಕಾಗೋದ ಲಿಯೋ ಸೆಲ್ಟ್ಜರ್ ಎಂಬವರು ಗಂಡಸರೂ ಹೆಂಗಸರೂ ಸೇರಿ ದಿನಗಟ್ಟಲೆ ಸುತ್ತು ಹಾಕುವ ಒಂದು ಪಂದ್ಯ ನಡೆಸಿದರಂತೆ. ಸುತ್ತುಗಳನ್ನು ಕೂಡಿಸಿದರೆ ಆ ದೇಶವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದಾಟಿದಷ್ಟು ದೂರ. ಸ್ಕೇಟಿನವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದೇ ಜನರಿಗೆ ಹೆಚ್ಚು ಖುಷಿ ಎಂದು ಗೊತ್ತಾದ ಮೇಲೆ ಅದೇ ಆಟವಾಯಿತು. ಮುಂದೆ ಅದು ಟಿ.ವಿ. ಪ್ರದರ್ಶನವಾಗಿ ಬೆಳೆದು, ಸೊರಗಿಹೋಯಿತು. 2001ರ ಸುಮಾರಿಗೆ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಹೆಂಗಸರು ಅದನ್ನು ಮತ್ತೆ ಎಬ್ಬಿಸಿದರು. 2004ರಲ್ಲಿ ಸಂಘ ಕಟ್ಟಿಕೊಂಡು ನಿಯಮ ಬರೆದರು. ಆಡುವವರೇ ನಡೆಸುವ ಆಟ ಇದು. ಬಾಡಿಗೆ ಕಟ್ಟುವುದು, ನೆಲಕ್ಕೆ ಟೇಪು ಅಂಟಿಸುವುದು, ಕೊನೆಗೆ ಕಸ ಗುಡಿಸುವುದು ಎಲ್ಲ ಅವರೇ. ನಮ್ಮ ದೇಶದ ರಾಷ್ಟ್ರೀಯ ಸ್ಕೇಟಿಂಗ್ ಕೂಟಗಳಲ್ಲೂ ಈಗ ರೋಲರ್ ಡರ್ಬಿ ಸೇರಿದೆ ಎಂದು ಮಗಳೇ ಹೇಳಿದಳು.

ಮೊದಲ ಹತ್ತು ನಿಮಿಷ ನನಗೆ ಏನೂ ತಿಳಿಯಲಿಲ್ಲ. ಬರೀ ಗೊಂದಲ, ಚಕ್ರದ ಸದ್ದು, ಸೀಟಿ. ಆಮೇಲೆ ಇದ್ದಕ್ಕಿದ್ದಂತೆ ಕಣ್ಣು ತೆರೆಯಿತು. ಅಯ್ಯೋ, ಇದು ನಮ್ಮ ಕಬಡ್ಡಿಯೇ! ಒಂದೊಂದು ತಂಡದಿಂದ 5 ಮಂದಿ ಇಳಿಯುತ್ತಾರೆ. ಅವರಲ್ಲಿ ಒಬ್ಬಳ ಹೆಲ್ಮೆಟಿನಲ್ಲಿ ನಕ್ಷತ್ರ. ಅವಳು ಜ್ಯಾಮರ್, ನಮ್ಮ ರೈಡರ್ ಎನ್ನಿ. ಉಳಿದ 4 ಮಂದಿ ಬ್ಲಾಕರುಗಳು, ಹೆಗಲಿಗೆ ಹೆಗಲು ಕೊಟ್ಟು ಸರಪಣಿ ಕಟ್ಟುವ ನಮ್ಮ ಕ್ಯಾಚರುಗಳ ಹಾಗೆ. ಜ್ಯಾಮರ್ ಆ ಗುಂಪನ್ನು ಸೀಳಿಕೊಂಡು ಒಮ್ಮೆ ದಾಟಬೇಕು. ಅದಕ್ಕೆ ಅಂಕವಿಲ್ಲ. ಸುತ್ತು ಹೊಡೆದು ಬಂದು ಎರಡನೆಯ ಬಾರಿಯಿಂದ, ದಾಟಿದ ಒಬ್ಬೊಬ್ಬ ಎದುರಾಳಿಗೆ ಒಂದೊಂದು ಅಂಕ. ಕಬಡ್ಡಿಯ ರೈಡಿಗೆ 30 ಸೆಕೆಂಡಾದರೆ ಇಲ್ಲಿಯ ಒಂದು ಜ್ಯಾಮಿಗೆ ಹೆಚ್ಚೆಂದರೆ 2 ನಿಮಿಷ. ವ್ಯತ್ಯಾಸ ಏನೆಂದರೆ, ಇಲ್ಲಿ ಎರಡೂ ಕಡೆಯ ರೈಡರುಗಳು ಒಟ್ಟಿಗೇ ನುಗ್ಗುತ್ತಾರೆ. ಒಂದೇ ಹೊತ್ತಿಗೆ ತಮ್ಮವಳಿಗೆ ದಾರಿ ಮಾಡಬೇಕು, ಎದುರಿನವಳಿಗೆ ಅಡ್ಡ ನಿಲ್ಲಬೇಕು. ನೆಟ್ಟಗೆ ಮೊದಲು ಹೊರಬಂದ ಜ್ಯಾಮರ್ ಬೇಕೆಂದಾಗ ಎರಡೂ ಕೈಯನ್ನು ಸೊಂಟಕ್ಕೆ ತಟ್ಟಿ ಆಟ ನಿಲ್ಲಿಸಬಹುದು. ನಮ್ಮ ಮನೆಗಳಲ್ಲಿ ಅಮ್ಮಂದಿರು ಸೊಂಟಕ್ಕೆ ಕೈಯಿಟ್ಟರೆ ಆಟ ನಿಲ್ಲುವುದಿಲ್ಲವೇ, ಹಾಗೆ.

ಹೊಡೆತಕ್ಕೂ ನಿಯಮ ಉಂಟು. ಹೆಗಲಿನಿಂದ, ಸೊಂಟದಿಂದ ತಳ್ಳಬಹುದು. ಮೊಣಕೈ ಬೀಸುವ ಹಾಗಿಲ್ಲ, ಬೆನ್ನಿಗೆ ನೂಕುವ ಹಾಗಿಲ್ಲ, ತಲೆಗೆ ತಾಗಿಸುವ ಹಾಗಿಲ್ಲ. ತಪ್ಪು ಮಾಡಿದವಳು ಹೋಗಿ ಪೆನಾಲ್ಟಿ ಬಾಕ್ಸಿನ ಕುರ್ಚಿಯಲ್ಲಿ 30 ಸೆಕೆಂಡು ಕೂರಬೇಕು. ಅಷ್ಟು ಹೊತ್ತು ಅವಳ ತಂಡ ಒಬ್ಬಳಿಲ್ಲದೆ ಆಡಬೇಕು. ಒಂದೇ ಆಟದಲ್ಲಿ 7 ಸಲ ಹಾಗಾದರೆ ಪೂರಾ ಹೊರಗೆ.

ಆ ಕುರ್ಚಿಗಳನ್ನು ನೋಡಿದ್ದೇ ತಡ, ಮಗಳಿಗೆ ಹೇಳಿದೆ, "ಇದು ನನ್ನ ಬೆಂಚು."

ಡರ್ಬಿಗೆ ಅಧಿಕಾರಿಗಳು ಎಷ್ಟಿದ್ದರೂ ಸಾಲದು. ಸ್ಕೇಟು ಹಾಕಿ ಜೊತೆಯಲ್ಲೇ ಸುತ್ತುವ ಪಟ್ಟೆಪಟ್ಟೆ ಅಂಗಿಯ ರೆಫರಿಗಳೇ 7 ಮಂದಿಯವರೆಗೆ. ಅದಲ್ಲದೆ ಸ್ಕೇಟಿಲ್ಲದೆ ಕೆಲಸ ಮಾಡುವವರು: ಅಂಕ ಬರೆಯುವವರು, ತಪ್ಪು ಬರೆಯುವವರು, ಜ್ಯಾಮಿನ ಸಮಯ ನೋಡುವವರು, ಪೆನಾಲ್ಟಿ ಬಾಕ್ಸಿನಲ್ಲಿ ವಾಚು ಹಿಡಿಯುವವರು. ನಾನು ನೋಡಿದಲ್ಲಿ ಯಾರಿಗೂ ಸಂಬಳವಿರಲಿಲ್ಲ. ಮಗಳು ನನ್ನನ್ನು ಅವರ ಮುಖ್ಯಸ್ಥೆಯ ಹತ್ತಿರ ಕರೆದುಕೊಂಡು ಹೋದಳು. ನನ್ನದೇ ವಯಸ್ಸಿನ ಹೆಂಗಸು. "ಅನುಭವ ಇದೆಯೇ?" ಎಂದು ಕೇಳಿದರು. ಮಗಳು ನನ್ನನ್ನು ಕೇಳದೆಯೇ, "30 ವರ್ಷ" ಎಂದಳು.

ಎರಡು ವಾರ ಇನ್ನೊಬ್ಬರ ಪಕ್ಕ ಕೂತು ಕಲಿತೆ. ಹುಡುಗಿ ಕುರ್ಚಿಯಲ್ಲಿ ಕೂತ ಕ್ಷಣ ವಾಚು ಒತ್ತಬೇಕು. 10 ಸೆಕೆಂಡು ಉಳಿದಾಗ "ಸ್ಟ್ಯಾಂಡ್" ಎನ್ನಬೇಕು, ಅವಳು ಎದ್ದು ನಿಲ್ಲುತ್ತಾಳೆ. ಸಮಯ ಮುಗಿದಾಗ "ಡನ್". ನಾಲ್ಕು ಸೀಟಿ ಕೇಳಿದರೆ ಜ್ಯಾಮ್ ಮುಗಿಯಿತು, ಕೂಡಲೇ ವಾಚು ನಿಲ್ಲಿಸಬೇಕು. ಮುಂದಿನ ಜ್ಯಾಮ್ ಶುರುವಾದಾಗ ಮತ್ತೆ ಒತ್ತಬೇಕು. ನಡುವಿನ 30 ಸೆಕೆಂಡು ಲೆಕ್ಕಕ್ಕಿಲ್ಲ. ಕೂತ ಹುಡುಗಿಯರ ಹತ್ತಿರ ಹರಟುವ ಹಾಗಿಲ್ಲ. ಯಾರಿಗೂ ಚಪ್ಪಾಳೆ ತಟ್ಟುವ ಹಾಗಿಲ್ಲ, ಹೆತ್ತ ಮಗಳಿಗೂ. ನನಗೆ ಕಷ್ಟವಾದದ್ದು ಅದೊಂದೇ.

ಮೇ ತಿಂಗಳ ಒಂದು ಭಾನುವಾರ ಅಭ್ಯಾಸದ ಪಂದ್ಯಕ್ಕೆ ನನ್ನನ್ನೇ ಕೂರಿಸಿದರು. ಕಪ್ಪು ಟೀಶರ್ಟು ಕೊಟ್ಟಿದ್ದರು. ನಾನು ಅದನ್ನು ಚೂಡಿದಾರದ ಪ್ಯಾಂಟಿನ ಮೇಲೆ ಹಾಕಿ, ಮೇಲೊಂದು ಸ್ವೆಟರು ಹಾಕಿ ಕೂತೆ. ಮಗಳ ತಂಡದವರನ್ನೇ ನನ್ನ ಪಾಲಿಗೆ ಕೊಟ್ಟಿದ್ದರು. ಮೊದಲ 30 ನಿಮಿಷ ಸಲೀಸಾಗಿ ಹೋಯಿತು. ಎರಡನೆಯ 30 ನಿಮಿಷದ ಕೊನೆಗೆ ಬರುವಾಗ ಅಂಕ ಸಮಸಮವಾಗಿತ್ತು. ಮಗಳ ತಂಡದ ಎತ್ತರದ ಬ್ಲಾಕರ್ ಒಬ್ಬಳು ಬಂದು ಕೂತಳು. ವಾಚು ಒತ್ತಿದೆ. ಅಷ್ಟರಲ್ಲಿ ಅಲ್ಲಿ ಮಗಳು ಬಿದ್ದಳು. ಬಿದ್ದ ಸದ್ದು ನನಗೆ ಕೇಳಿಸಿತು. ನಾಲ್ಕು ಸೀಟಿಯೂ ಕೇಳಿಸಿತು. ಕೈ ಮಾತ್ರ ಆಡಲಿಲ್ಲ. ಅವಳು ಏಳುವವರೆಗೆ ನಾನು ಅಲ್ಲೇ ನೋಡುತ್ತಿದ್ದೆ.

ಮುಂದಿನ ಸೀಟಿ ಊದಿದಾಗ ವಾಚು ನೋಡಿದರೆ 38 ಸೆಕೆಂಡು! ನಿಲ್ಲಿಸಲೇ ಇಲ್ಲ. ಎತ್ತರದ ಹುಡುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ. ಅಂದಾಜಿನಲ್ಲಿ ಒಂದಿಷ್ಟು ಬಿಟ್ಟು "ಡನ್" ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆಟ ಓಡುತ್ತಿದೆ, ಗಲಾಟೆ ಬೇಡ. ಬಿಡಿ ಟೀಚರ್. ಆ ಮಾತು ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದರೆ ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಅಲ್ಲಿದ್ದದ್ದು ಬಾಕ್ಸಿನ ಮೇಲ್ವಿಚಾರಣೆಯ ಹುಡುಗಿ. ಕೈ ಎತ್ತಿದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ವಾಚು ತೋರಿಸಿ, ನಾನು ನಿಲ್ಲಿಸಲಿಲ್ಲ, ತಪ್ಪು ನನ್ನದು ಎಂದೆ.

ಅವಳು ಹುಬ್ಬು ಕೂಡ ಹಾರಿಸಲಿಲ್ಲ. ನಡುವಿನ 30 ಕಳೆದು, ಆದದ್ದು 8, ಉಳಿದದ್ದು 22 ಎಂದು ಲೆಕ್ಕ ಹಾಕಿ ತನ್ನ ವಾಚು ಹಿಡಿದಳು. ಹಾಳೆಯಲ್ಲಿ ಏನೋ ಬರೆದಳು. "ಹೇಳಿದ್ದು ಒಳ್ಳೆಯದಾಯಿತು" ಎಂದಳು. ಮುಗಿಯಿತು. ಆಕಾಶ ಬೀಳಲಿಲ್ಲ, ಆಟವೂ ನಿಲ್ಲಲಿಲ್ಲ. ಇಷ್ಟೇ ಇಷ್ಟು ಎಂದು 2003ರಲ್ಲಿ ನನಗೆ ಗೊತ್ತಿದ್ದಿದ್ದರೆ!

ಆ 22 ಸೆಕೆಂಡಿನಲ್ಲಿ ಮೂವರೇ ಬ್ಲಾಕರುಗಳಿದ್ದ ಮಗಳ ತಂಡವನ್ನು ಎದುರಿನ ಜ್ಯಾಮರ್ ಸಲೀಸಾಗಿ ದಾಟಿದಳು. ಮಗಳ ತಂಡ 5 ಅಂಕಗಳಿಂದ ಸೋತಿತು. ಕೊನೆಯಲ್ಲಿ ಎರಡೂ ತಂಡದವರು ಬಂದು ನಮಗೆ, ಎಂದರೆ ಅಧಿಕಾರಿಗಳಿಗೆ, ಚಪ್ಪಾಳೆ ತಟ್ಟಿದರು. ಬೆಂಚಿನಲ್ಲಿ ಕೂತವರಿಗೆ ಚಪ್ಪಾಳೆ ಬೀಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಬರುವಾಗ ಕಾರಿನಲ್ಲಿ ಮಗಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀನು ನಮ್ಮ ಕಡೆಯವಳೋ ಅವರ ಕಡೆಯವಳೋ ಅಮ್ಮ?" ಎಂದಳು.

"ನಾನು ವಾಚಿನ ಕಡೆಯವಳು" ಎಂದೆ. ಮತ್ತೆ ಅವಳಿಗೆ ಆ ನಳ್ಳಿಯ ಹತ್ತಿರದ ಹುಡುಗಿಯ ಕಥೆ ಹೇಳಿದೆ. ಕಾರು ಮನೆಯ ಮುಂದೆ ನಿಂತ ಮೇಲೂ ನಾವಿಬ್ಬರು ಇಳಿಯಲಿಲ್ಲ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಅದೇ ನನಗೆ ಸಮಾಧಾನವಾಯಿತು. "ಅವಳಿಗೆ ಈಗ ಮೂವತ್ತೈದು ಆಗಿರಬಹುದು" ಎಂದಷ್ಟೇ ಹೇಳಿದಳು.

ನಮ್ಮ ಕರಾವಳಿಯ ಹುಡುಗಿಯರು ಕಬಡ್ಡಿಯಲ್ಲಿ ಸಣ್ಣವರಲ್ಲ. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದುಕೊಟ್ಟ ನಾಯಕಿ. ಅಂಥವರೂ ಶಾಲೆಯ ಮೈದಾನದಿಂದಲೇ ಹೊರಟವರಲ್ಲವೇ? ಆ ಮೈದಾನಗಳ ಅಂಚಿನಲ್ಲಿ ಪೆನ್ಸಿಲು ಹಿಡಿದು ಕೂತವರೊಬ್ಬರು ಇದ್ದೇ ಇರುತ್ತಾರೆ. ಆಡಲಿಕ್ಕೆ ಪ್ರಾಯ ಮೀರಿತು ಎನ್ನುವ ನನ್ನಂಥ ಹೆಂಗಸರಿಗೆ ಅಲ್ಲಿ ಯಾವತ್ತೂ ಜಾಗ ಉಂಟು. ಸೀಟಿಯೋ ವಾಚೋ ಪೆನ್ಸಿಲೋ ಹಿಡಿಯಲಿಕ್ಕೆ ಕಾಲಿನ ಶಕ್ತಿ ಬೇಡ.

ಈ ಸಲದ ಶಾಲಾ ಕೂಟದಲ್ಲಿ ನನ್ನ ಪಕ್ಕದಲ್ಲಿ ಕೂತದ್ದು ಹೊಸದಾಗಿ ಸೇರಿದ ಗಣಿತದ ಟೀಚರ್. ಅವರನ್ನೂ ಹೆಡ್ಮಾಸ್ಟರು ಕಳಿಸಿದ್ದು ಲೇಡಿ ಟೀಚರ್ ಬೇಕೆಂಬ ಕಾರಣಕ್ಕೇ. ಹಾಳೆ ಅವರ ಕೈಯಲ್ಲಿ, ನಾನು ಬರೀ ಜೊತೆಗೆ. ಆಟ ಜೋರಿನಲ್ಲಿತ್ತು. ಚೌಕದಿಂದ ಒಬ್ಬಳು ಎದ್ದು ಒಳಗೆ ಓಡಿದಳು. ಗಣಿತದ ಟೀಚರ್ ಹಾಳೆ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ನನ್ನ ಕಡೆ ಬಾಗಿ ಮೆಲ್ಲಗೆ, "ಟೀಚರ್, ಅವಳು ಎರಡನೆಯವಳಲ್ವಾ? ಇನ್ನೊಬ್ಬಳು ಇನ್ನೂ ಕೂತೇ ಇದ್ದಾಳೆ. ಹೇಳಿದ್ರೆ ಆಟ ನಿಲ್ತದಾ ಏನೋ..." ಎಂದರು.

"ನಿಲ್ಲಲಿ," ಎಂದೆ. "ಕೈ ಎತ್ತಿ ಹೇಳಿ. ನಾನಿದ್ದೇನೆ."